ಮಾಲೀಸು, ಮಸಾಜು ಮತ್ತು ನನ್ನ ಮೀನಖಂಡ

ಬ್ಲಾಗಿನ ಕಡೆ ತಲೆ ಹಾಕಿ ಎಷ್ಟೋ ತಿಂಗಳಾಯ್ತು. ಇವತ್ತು ಧೂಳು ಕೊಡವಿ ಬರೆಯೋಕೆ ಕೂತಿದ್ದಕ್ಕೆ ಕಾರಣ ನನ್ನ ಬಲಗಾಲಿನ ಮೀನಖಂಡ. ನಗಬೇಡಿ, ವಿಷಯ ಸ್ವಲ್ಪ ಸೀರಿಯಸ್ಸೇ ಇದೆ.

ನಲವತ್ತು ದಾಟಿದ ಮೇಲೆ ನನಗೆ ಓಡೋ ಹುಚ್ಚು ಹತ್ತಿತು. ಬೆಂಗಳೂರಿನಲ್ಲಿ 2008ರಿಂದ ನಡೆದುಕೊಂಡು ಬಂದಿರೋ ಹತ್ತು ಕಿಲೋಮೀಟರ್ ಓಟ ಇದೆಯಲ್ಲ, ಅದರಲ್ಲಿ ಒಂದು ಸಲವಾದ್ರೂ ಓಡಬೇಕು ಅಂತ ಆಸೆ. ಕಬ್ಬನ್ ಪಾರ್ಕಿನಲ್ಲಿ ಶುರು ಹಚ್ಚಿಕೊಂಡೆ. ಮೂರು ವಾರದಲ್ಲಿ ಮೂರು ಕಿಲೋಮೀಟರಿನಿಂದ ಎಂಟಕ್ಕೆ ಹಾರಿದೆ. ನಾಲ್ಕನೇ ವಾರ ಮೀನಖಂಡ ಹಿಡಿದುಕೊಂಡಿತು. ಮೆಟ್ಟಿಲು ಇಳಿಯೋವಾಗ ಗೋಡೆ ಹಿಡಿದುಕೊಂಡು ಇಳಿಯೋ ಗತಿ ಬಂತು.

ಮನೆಯಲ್ಲಿ "ಮಸಾಜ್ ಮಾಡಿಸ್ಕೊಂಡ್ ಬರ್ತೀನಿ ಕಣೇ" ಅಂದೆ. ಹೆಂಡತಿ ಹುರುಳಿಕಾಯಿ ಹೆಚ್ಚೋದು ನಿಲ್ಲಿಸಿ, ಕೈಯಲ್ಲಿ ಚಾಕು ಹಾಗೇ ಇಟ್ಟುಕೊಂಡು, "ಏನಂದ್ರಿ?" ಅಂದಳು. ಬೆಂಗಳೂರಿನಲ್ಲಿ ಆ ಪದಕ್ಕೆ ಅಂಟಿಕೊಂಡಿರೋ ಅರ್ಥ ನಿಮಗೂ ಗೊತ್ತು. ಸ್ಪೋರ್ಟ್ಸ್ ಕ್ಲಿನಿಕ್ಕು, ಫಿಸಿಯೋಥೆರಪಿ ಅಂತೆಲ್ಲ ವಿವರಿಸೋ ಹೊತ್ತಿಗೆ ಹಾಲ್‌ನಿಂದ ಅಮ್ಮನ ದನಿ: "ಅದಕ್ಯಾಕೋ ದುಡ್ಡು ದಂಡ? ಕೊಬ್ಬರಿ ಎಣ್ಣೆ ಬಿಸಿ ಮಾಡ್ತೀನಿ, ಬಾ ಇಲ್ಲಿ, ತಿಕ್ತೀನಿ."

ಅಮ್ಮನ ಮಾತು ಪೂರ್ತಿ ತಪ್ಪಲ್ಲ. ನಮ್ಮ ತಾತ ಮೈಸೂರಿನ ಗರಡಿಮನೆಯೊಂದರಲ್ಲಿ ಸಾಮು ಮಾಡಿದವರು. ಗರಡಿಯಲ್ಲಿ ಮಾಲೀಸು ಅಂದ್ರೆ ಐಷಾರಾಮ ಅಲ್ಲ, ದಿನಚರಿ. ಪೈಲ್ವಾನರೇ ಒಬ್ಬರಿಗೊಬ್ಬರು ತಿಕ್ಕಿಕೊಳ್ಳೋರು. ಮನೆಗಳಲ್ಲೂ ನರಕ ಚತುರ್ದಶಿಯ ಎಣ್ಣೆಸ್ನಾನ, ಬಾಣಂತಿಗೂ ಕೂಸಿಗೂ ಎಣ್ಣೆ ತಿಕ್ಕೋದು, ಎಲ್ಲ ಇದ್ದದ್ದೇ. ಹಾಗಾಗಿ ಮಾಲೀಸು ಅಂದ್ರೇನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅನ್ನೋ ಜಂಬ ನಮ್ಮದು. ನನಗೂ ಇತ್ತು. ಅದೇ ಯಡವಟ್ಟಾಗಿದ್ದು.

ಮೊದಲು ಹೋದ ಜಾಗದ ಹೆಸರು ಬೇಡ. ಎಸಿ, ಮೆಲ್ಲಗೆ ಕೊಳಲಿನ ಸಂಗೀತ, ಗೋಡೆ ತುಂಬ ಕ್ರಿಕೆಟಿಗರ ಫೋಟೋ. ಕೌಂಟರಿನಲ್ಲಿದ್ದ ಹುಡುಗ ನನ್ನ ಕಾಲು ನೋಡಲಿಲ್ಲ, ಕಾರ್ಡ್ ನೋಡಿದ. "ಹತ್ತು ಸಿಟ್ಟಿಂಗ್ ಪ್ಯಾಕೇಜ್ ತಗೊಳ್ಳಿ ಸಾರ್, ಲ್ಯಾಕ್ಟಿಕ್ ಆಸಿಡ್ ಎಲ್ಲಾ ಹೊರಗೆ ಬರುತ್ತೆ." ಹನ್ನೆರಡು ಸಾವಿರ. ಒಳಗೆ ಒಬ್ಬರು ಬಂದು ಮೊಣಕೈ ಹಾಕಿ ಮೀನಖಂಡವನ್ನ ಚಪಾತಿ ಹಿಟ್ಟು ನಾದಿದ ಹಾಗೆ ನಾದಿದರು. ನಾನು ಅಯ್ಯೋ ಅಂದಷ್ಟೂ "ನೋವಾದ್ರೇನೇ ಸಾರ್ ವಾಸಿಯಾಗೋದು" ಅಂದ್ರು. ಏನಾಯ್ತು, ಯಾವಾಗಿಂದ, ಬಿಪಿ ಇದೆಯಾ, ಏನಾದ್ರೂ ಮಾತ್ರೆ ತಗೋತೀರಾ ಅಂತ ಒಂದು ಪ್ರಶ್ನೆ ಇಲ್ಲ. ಮೂರು ದಿನ ಕಾಲು ನೀಲಿಗಟ್ಟಿತ್ತು.

ಎರಡನೇ ಕಡೆ ಒಬ್ಬ ಫಿಸಿಯೋಥೆರಪಿಸ್ಟ್, ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಮೊದಲ ಅರ್ಧ ಗಂಟೆ ನನ್ನ ಕಾಲು ಮುಟ್ಟಲೇ ಇಲ್ಲ. ಬರೀ ಪ್ರಶ್ನೆ. ವಾರಕ್ಕೆ ಎಷ್ಟು ಓಡ್ತೀರಿ, ಶೂ ಎಷ್ಟು ಹಳೇದು, ನೋವು ಬೆಳಿಗ್ಗೆ ಜಾಸ್ತಿಯಾ ಸಂಜೆಯಾ, ರಕ್ತ ತೆಳುವಾಗೋ ಮಾತ್ರೆ ಏನಾದ್ರೂ ಇದೆಯಾ. ಆಮೇಲೆ ಒಂಟಿ ಕಾಲಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸೋಕೆ ಹೇಳಿದ್ರು. ಎಡಗಾಲಲ್ಲಿ ಇಪ್ಪತ್ತೆರಡು ಸಲ ಎತ್ತಿದೆ. ಬಲಗಾಲಲ್ಲಿ ಒಂಬತ್ತಕ್ಕೇ ಸುಸ್ತು. "ನೋಡಿ ಸಾರ್, ನಿಮ್ಮ ತೊಂದರೆ ಇಲ್ಲಿದೆ. ಇದನ್ನ ನಾನು ತಿಕ್ಕಿ ಸರಿಮಾಡೋಕಾಗಲ್ಲ" ಅಂದ್ರು.

ನನಗೆ ಒಳಗೊಳಗೇ ಸಿಟ್ಟು ಬಂತು. ಮಸಾಜಿಗೆ ಅಂತ ದುಡ್ಡು ಕೊಟ್ಟು ಬಂದವನಿಗೆ ಬಸ್ಕಿ ಹೊಡೆಸ್ತಾ ಇದಾರಲ್ಲ ಅಂತ!

ಆಮೇಲೆ ಮಸಾಜೂ ಆಯ್ತು, ಇಪ್ಪತ್ತು ನಿಮಿಷ. ಹೊಸದಾಗಿ ಹೋಗೋರಿಗೆ ಹೇಳ್ತೀನಿ, ಮೊಣಕಾಲು ಕಾಣೋ ಹಾಗೆ ಚಡ್ಡಿ ಹಾಕ್ಕೊಂಡು ಹೋಗಿ. ಬೇಕಾದ ಜಾಗ ಬಿಟ್ಟು ಮಿಕ್ಕಿದ್ದೆಲ್ಲ ಟವೆಲ್ ಮುಚ್ಚಿರ್ತಾರೆ. ಹೆಂಗಸರು ಮಹಿಳಾ ಥೆರಪಿಸ್ಟೇ ಬೇಕು ಅಂತ ಕೇಳೋದಕ್ಕೆ, ಜೊತೆಯಲ್ಲಿ ಒಬ್ಬರನ್ನ ಕೂರಿಸಿಕೊಳ್ಳೋದಕ್ಕೆ ಸಂಕೋಚ ಪಡಬೇಕಿಲ್ಲ. ಎಣ್ಣೆ ಸುರಿಯಲ್ಲ, ಕೈ ಜಾರುವಷ್ಟು ಲೋಷನ್ ಅಷ್ಟೇ. ಮೊದಲು ಉದ್ದಕ್ಕೆ ಹಗುರವಾಗಿ ನೀವುತ್ತಾರೆ, ಆಮೇಲೆ ನಾದುತ್ತಾರೆ, ಗಂಟುಗಟ್ಟಿದ ಹಾಗಿರೋ ಕಡೆ ಹೆಬ್ಬೆರಳಿಟ್ಟು ಸ್ವಲ್ಪ ಹೊತ್ತು ಒತ್ತಿ ಹಿಡಿದಿರ್ತಾರೆ. "ಹತ್ತಕ್ಕೆ ಎಷ್ಟು ನೋವು?" ಅಂತ ಕೇಳ್ತಾನೇ ಇದ್ರು. ಏಳು ಅಂದ ಕೂಡಲೇ ಕೈ ಹಗುರ ಮಾಡೋರು. ಹಲ್ಲು ಕಚ್ಚಿ ಉಸಿರು ಬಿಗಿಹಿಡಿಯೋ ಮಟ್ಟಕ್ಕೆ ಹೋದ್ರೆ ಸ್ನಾಯು ಇನ್ನೂ ಬಿಗಿಯಾಗುತ್ತೆ, ಅದರಿಂದ ಏನು ಲಾಭ ಅನ್ನೋದು ಅವರ ವಾದ. ಮಾರನೇ ದಿನ ಸ್ವಲ್ಪ ನೋವಿತ್ತು, ಒಂದೆರಡು ದಿನ ಹಾಗಿರೋದು ಸಹಜವಂತೆ.

ಆ ಲ್ಯಾಕ್ಟಿಕ್ ಆಸಿಡ್ ಕತೆ ತಲೆ ಕೊರೀತಾ ಇತ್ತು, ಕೂತು ಓದಿದೆ. ಓಡಿದಾಗ ಸ್ನಾಯುವಿನಲ್ಲಿ ಸೇರೋ ಲ್ಯಾಕ್ಟೇಟು ಒಂದೆರಡು ಗಂಟೆಯೊಳಗೆ ದೇಹವೇ ಖಾಲಿ ಮಾಡಿರುತ್ತೆ. ನಾಳೆ, ನಾಡಿದ್ದು ಬರೋ ನೋವು ಅದರದ್ದಲ್ಲ, ಅಭ್ಯಾಸವಿಲ್ಲದ ಕೆಲಸಕ್ಕೆ ಸ್ನಾಯುವಿನ ಎಳೆಗಳಲ್ಲಿ ಆಗಿರೋ ಸಣ್ಣಪುಟ್ಟ ಪೆಟ್ಟಿನದು. 2012ರಲ್ಲಿ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಹನ್ನೊಂದು ಜನ ಹುಡುಗರಿಗೆ ಸುಸ್ತಾಗೋವರೆಗೆ ಸೈಕಲ್ ತುಳಿಸಿ, ಒಂದು ತೊಡೆಗೆ ಮಾತ್ರ ಹತ್ತು ನಿಮಿಷ ಮಸಾಜ್ ಮಾಡಿ, ಎರಡೂ ತೊಡೆಯಿಂದ ಸ್ನಾಯುವಿನ ಚೂರು ತೆಗೆದು ಪರೀಕ್ಷೆ ಮಾಡಿದ್ರು (ಪಾಪ ಆ ಹುಡುಗರು). ಮಸಾಜ್ ಆದ ಕಾಲಲ್ಲಿ ಉರಿಯೂತದ ಲಕ್ಷಣ ಕಮ್ಮಿ ಇತ್ತು, ಲ್ಯಾಕ್ಟೇಟಿನಲ್ಲಿ ಮಾತ್ರ ವ್ಯತ್ಯಾಸವಿರಲಿಲ್ಲ. 2020ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನವರು 29 ಅಧ್ಯಯನಗಳನ್ನ, ಒಟ್ಟು 1012 ಜನರ ಲೆಕ್ಕವನ್ನ ಒಟ್ಟಿಗೆ ಹಾಕಿ ನೋಡಿದ್ರು. ಮಸಾಜಿನಿಂದ ಶಕ್ತಿ, ನೆಗೆತ, ವೇಗ, ದಮ್ಮು ಯಾವುದೂ ಜಾಸ್ತಿಯಾಗೋದಕ್ಕೆ ಪುರಾವೆ ಸಿಗಲಿಲ್ಲ. ವ್ಯಾಯಾಮದ ನಂತರದ ನೋವು ಸ್ವಲ್ಪ ಕಮ್ಮಿಯಾಗುತ್ತೆ, ಮೈ ಬಾಗೋದು ಸ್ವಲ್ಪ ಸಲೀಸಾಗುತ್ತೆ, ಅಷ್ಟೇ.

ಆ "ಸ್ವಲ್ಪ" ನನಗೆ ಸಾಕು. ನೋವು ತಗ್ಗಿದ ಎರಡು ದಿನದಲ್ಲಿ ವ್ಯಾಯಾಮ ಮಾಡೋಕಾದ್ರೆ ಮಸಾಜಿನ ದುಡ್ಡು ವಸೂಲು. ನೋವು ಹೋಯ್ತು ಅಂತ ಮತ್ತೆ ಎಂಟು ಕಿಲೋಮೀಟರ್ ಓಡಿ ಬಂದು ಮತ್ತೆ ಮಲಗಿದ್ರೆ ಕ್ಲಿನಿಕ್ಕಿನವರಿಗೆ ಲಾಭ, ನಮಗಲ್ಲ.

ಇಷ್ಟೇ ಆಗಿದ್ರೆ ಈ ಪೋಸ್ಟ್ ಬರೀತಿರಲಿಲ್ಲವೇನೋ. ಹೋದ ತಿಂಗಳು ಗೆಳೆಯನೊಬ್ಬ ಅಮೆರಿಕದಿಂದ ವಾಪಸ್ ಬಂದ. ನಾಲ್ಕನೇ ದಿನ ಫೋನು: "ಲೋ, ಎಡಗಾಲಿನ ಮೀನಖಂಡ ಹಿಡ್ಕೊಂಡಿದೆ ಮಾರಾಯ, ಏನ್ ಮಾಡ್ಲಿ?" ಅನುಭವಸ್ಥನ ಠೀವಿಯಲ್ಲಿ "ವಿಮಾನದಲ್ಲಿ ಕೂತು ಕೂತು ಮರಗಟ್ಟಿದೆ, ಚೆನ್ನಾಗಿ ತಿಕ್ಕಿಸ್ಕೋ" ಅಂದವನು ನಾನೇ. ಪುಣ್ಯಕ್ಕೆ ನಾನು ಕೊಟ್ಟ ವಿಳಾಸ ಎರಡನೇ ಕ್ಲಿನಿಕ್ಕಿನದು. ಅವರು ಟೇಪ್ ಹಿಡಿದು ಎರಡೂ ಮೀನಖಂಡದ ಸುತ್ತಳತೆ ನೋಡಿದ್ರಂತೆ. ಎಡಗಾಲು ಮೂರು ಸೆಂಟಿಮೀಟರಿಗಿಂತ ಜಾಸ್ತಿ ದಪ್ಪ, ಮುಟ್ಟಿದ್ರೆ ಬಿಸಿ. ಮಸಾಜ್ ಮಾಡಲ್ಲ, ಈಗಲೇ ಆಸ್ಪತ್ರೆಗೆ ಹೋಗಿ ಅಂತ ಚೀಟಿ ಬರೆದು, ದುಡ್ಡೂ ತಗೊಳ್ಳದೆ ಕಳಿಸಿದ್ರು. ಡಾಪ್ಲರ್ ಸ್ಕ್ಯಾನಿನಲ್ಲಿ ರಕ್ತನಾಳದಲ್ಲಿ ಹೆಪ್ಪುಗಟ್ಟಿರೋದು ಕಾಣಿಸಿತು. ತಿಕ್ಕಿದಾಗ ಆ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಿ ಕೂತಿದ್ರೆ ಜೀವಕ್ಕೇ ಅಪಾಯ ಅಂದ್ರು ಡಾಕ್ಟರು. ಈಗ ಮಾತ್ರೆಯಲ್ಲಿದ್ದಾನೆ, ಚೆನ್ನಾಗಿದ್ದಾನೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವನನ್ನ ಆ ಕೊಳಲಿನ ಸಂಗೀತದ ಜಾಗಕ್ಕೆ ಕಳಿಸಿದ್ದಿದ್ರೆ? ಮೊಣಕೈ ಹಾಕಿ ನಾದಿ, "ನೋವಾದ್ರೇನೇ ಸಾರ್ ವಾಸಿಯಾಗೋದು" ಅಂದಿದ್ರೆ? ಅಷ್ಟು ದೂರ ಯಾಕೆ, ಬಿಸಿ ಕೊಬ್ಬರಿ ಎಣ್ಣೆ ಹಿಡಿದು ಕೂತ ಅಮ್ಮಂದಿರು ಎಲ್ಲರ ಮನೆಯಲ್ಲೂ ಇದಾರೆ.

ಅದಕ್ಕೇ ಹೇಳ್ತಿರೋದು. ಒಂದೇ ಕಾಲು ಊದಿದ್ರೆ, ಬಿಸಿಯಾಗಿ ಕೆಂಪಗಾಗಿದ್ರೆ, ಅದೂ ದೂರದ ಪ್ರಯಾಣ ಅಥವಾ ಆಪರೇಷನ್ ಆದ ಮೇಲೆ ಹೀಗಾಗಿದ್ರೆ, ಯಾರ ಕೈಲೂ ತಿಕ್ಕಿಸದೆ ಡಾಕ್ಟರ ಹತ್ರ ಹೋಗಿ. ಉಸಿರಾಟಕ್ಕೆ ತೊಂದರೆಯೋ ಎದೆನೋವೋ ಇದ್ರಂತೂ ಸೀದಾ ಎಮರ್ಜೆನ್ಸಿಗೆ. ಜ್ವರ, ತೆರೆದ ಗಾಯ, ಆಗಷ್ಟೇ ಉಳುಕಿ ಊದಿದ ಕಾಲು ಇವಕ್ಕೂ ಮಸಾಜ್ ಬೇಡ. ಮತ್ತೆ, ಏನೂ ಕೇಳದೆ ಸೀದಾ ಪ್ಯಾಕೇಜ್ ತೋರಿಸೋ ಜಾಗದಿಂದ ಚಪ್ಪಲಿ ಹಾಕ್ಕೊಂಡು ಎದ್ದು ಬನ್ನಿ. ನಾನು ಹನ್ನೆರಡು ಸಾವಿರ ಕೊಟ್ಟು ಕಲಿತಿದ್ದು, ನಿಮಗೆ ಪುಕ್ಕಟೆ :-)

ನನ್ನ ಬಲಗಾಲು ಈಗ ಹದಿನೇಳು ಸಲ ಎತ್ತುತ್ತೆ. ದಿನಾ ಬೆಳಿಗ್ಗೆ ಹಲ್ಲುಜ್ಜುತ್ತಾ ಬಚ್ಚಲುಮನೆ ಹೊಸ್ತಿಲ ಮೇಲೆ ನಿಂತು ಹಿಮ್ಮಡಿ ಎತ್ತಿ ಇಳಿಸ್ತೀನಿ. ಹೆಂಡತಿ ಅಡುಗೆಮನೆಯಿಂದಲೇ ಲೆಕ್ಕ ಹಾಕ್ತಾಳೆ, ಒಂದು ಕಮ್ಮಿಯಾದ್ರೂ ಬಿಡಲ್ಲ.