ಪಾಸ್‌ಬುಕ್ಕು ಪೆಟ್ಟಿಗೆಯಲ್ಲಿದ್ದರೆ ಸಾಲದು



ಕಳೆದ ಮೇ ತಿಂಗಳ ಕೊನೆಯಲ್ಲಿ ಸದಸ್ಯರೊಬ್ಬರು ಮೈಲುತುತ್ತ ಮತ್ತು ಗೊಬ್ಬರದ ಬಾಬ್ತು ಸಂಘಕ್ಕೆ 24,000 ರೂಪಾಯಿಗಳ ಚೆಕ್ಕು ಕೊಟ್ಟರು. ಮೂರನೆಯ ದಿನ ಅದು ಹಣ ಸಾಲದೆಂಬ ಚೀಟಿಯೊಡನೆ ವಾಪಸು ಬಂತು. ಅವರು ಮಳೆಯಲ್ಲೇ ಕಚೇರಿಗೆ ಬಂದು, "ಖಾತೆಯಲ್ಲಿ 24,310 ಇತ್ತು ಮಾರಾಯ್ರೆ, ನಾನು ಸುಳ್ಳು ಚೆಕ್ಕು ಕೊಡುವವನಲ್ಲ" ಎಂದರು. ಅವರು ಹೇಳಿದ್ದು ನಿಜವೇ ಆಗಿತ್ತು. ಪಾಸ್‌ಬುಕ್ಕು ಮುದ್ರಿಸಿ ನೋಡಿದಾಗ ಎರಡು ವಿಮೆಗಳ ವಾರ್ಷಿಕ ಕಂತು, 436 ಮತ್ತು 20, ಅದೇ ವಾರ ಖರ್ಚು ಬಿದ್ದಿತ್ತು. ಉಳಿದದ್ದು 23,854. ಕಡಿಮೆಯಾದದ್ದು 146 ರೂಪಾಯಿ ಮಾತ್ರ. ಅದಕ್ಕಾಗಿ ಅವರು ಚೆಕ್ ವಾಪಸಾದ ಶುಲ್ಕವನ್ನೂ, ಅದರ ಮೇಲೆ ಶೇ. 18ರ ಜಿ.ಎಸ್‌.ಟಿ.ಯನ್ನೂ ತೆತ್ತರು. ಅದಕ್ಕಿಂತ ಹೆಚ್ಚಾಗಿ, ಊರಿನಲ್ಲಿ ಮೂವತ್ತು ವರ್ಷ ಕಾಪಾಡಿಕೊಂಡ ಮರ್ಯಾದೆಗೆ ಪೆಟ್ಟು ಬಿತ್ತೆಂದು ನೊಂದುಕೊಂಡರು.

ಇದು ಒಬ್ಬರ ಕಥೆಯಲ್ಲ. ನಮ್ಮಲ್ಲಿ ಬಹಳ ಮಂದಿ ತೋಟದ ಒಂದೊಂದು ಗಿಡವನ್ನೂ ಬಲ್ಲರು. ತಮ್ಮ ಖಾತೆಯಲ್ಲಿ ಈ ಹೊತ್ತು ಎಷ್ಟು ಶಿಲ್ಕು ಇದೆಯೆಂದು ಬಲ್ಲವರು ಕಡಿಮೆ. ನೋಡದೆ ಬೆಳೆ ಕೆಟ್ಟಿತು, ಕೇಳದೆ ಸಾಲ ಕೆಟ್ಟಿತು ಎಂಬ ಹಿರಿಯರ ಮಾತಿಗೆ, ತೆರೆಯದೆ ಖಾತೆ ಕೆಟ್ಟಿತು ಎಂದು ನಾವು ಸೇರಿಸಬೇಕಾಗಿದೆ.

ಚೆಕ್ಕಿನ ಮಾತನ್ನೇ ಮೊದಲು ಮುಗಿಸೋಣ. ಅಮೆರಿಕದಂಥ ದೇಶಗಳಲ್ಲಿ ಖಾತೆಯಲ್ಲಿ ಹಣ ಸಾಲದಿದ್ದರೂ ಬ್ಯಾಂಕೇ ಪಾವತಿ ಮಾಡಿ, ಪ್ರತಿ ಸಲಕ್ಕೆ ಇಷ್ಟೆಂದು ಓವರ್‌ಡ್ರಾಫ್ಟ್ ಶುಲ್ಕ ಹಾಕುವ ಪದ್ಧತಿ ಉಂಟು. ನಮ್ಮಲ್ಲಿ ಮೊದಲೇ ಒಪ್ಪಂದ ಮಾಡಿಕೊಳ್ಳದಿದ್ದರೆ ಚೆಕ್ಕು ವಾಪಸು ಬರುತ್ತದೆ. 1989ರ ಏಪ್ರಿಲ್ 1ರಿಂದ ಇದು ಅಪರಾಧವೂ ಹೌದು. ಚೆಕ್ಕು ಪಡೆದವರು ವಿಷಯ ತಿಳಿದ 30 ದಿನಗಳೊಳಗೆ ನೋಟೀಸು ಕೊಡಬಹುದು. ನೋಟೀಸು ಕೈಸೇರಿದ 15 ದಿನಗಳಲ್ಲಿ ಹಣ ಕಟ್ಟದಿದ್ದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 138ನೆಯ ಕಲಮಿನಂತೆ ಮೊಕದ್ದಮೆ. ನಮ್ಮ ಸದಸ್ಯರು ಅಂದೇ ಹಣ ಕಟ್ಟಿದ್ದರಿಂದ ಮಾತು ಅಲ್ಲಿಗೇ ನಿಂತಿತು. ಹೊರಗಿನ ವ್ಯಾಪಾರಿ ಅಷ್ಟು ತಾಳ್ಮೆ ತೋರುತ್ತಾನೆಂದು ನಂಬುವಂತಿಲ್ಲ.

ಇನ್ನು ಬೆಳೆಸಾಲದ ಖಾತೆ, ಓ.ಡಿ. ಖಾತೆ. ಇವುಗಳಲ್ಲಿ ಬಡ್ಡಿ ದಿನದ ಬಾಕಿಯ ಮೇಲೆ ಬೀಳುತ್ತದೆ. ಉದಾಹರಣೆಗೆ, ಶೇ. 9ರ ಬಡ್ಡಿಯ ಓ.ಡಿ. ಖಾತೆಯಲ್ಲಿ ಬಾಕಿ ಇದೆ ಎನ್ನೋಣ. ಕಾಫಿ ಮಾರಿ ಬಂದ 2 ಲಕ್ಷವನ್ನು ಶೇ. 2.5 ಕೊಡುವ ಉಳಿತಾಯ ಖಾತೆಯಲ್ಲಿ ನಲವತ್ತು ದಿನ ಇಟ್ಟರೆ ಬರುವುದು ಸುಮಾರು 548 ರೂಪಾಯಿ. ಅದೇ ನಲವತ್ತು ದಿನಕ್ಕೆ ಅಷ್ಟೇ ಸಾಲದ ಮೇಲೆ ತೆರುವುದು 1,973. ಓ.ಡಿ.ಗೆ ಹಣ ಕಟ್ಟಿದರೆ ಮಿತಿಯೊಳಗೆ ಬೇಕೆಂದಾಗ ಮತ್ತೆ ತೆಗೆಯಬಹುದು. ಹೀಗಿದ್ದೂ "ಕೈಯಲ್ಲಿ ನಾಲ್ಕು ಕಾಸು ಇರಲಿ" ಎಂದು ಎರಡು ಖಾತೆಗಳ ನಡುವೆ ಸಾವಿರದ ನಾನೂರು ರೂಪಾಯಿ ಸುಮ್ಮನೆ ಬಿಡುವವರು ಕೂಲಿಯಲ್ಲಿ ಹತ್ತು ರೂಪಾಯಿಗೆ ಚರ್ಚೆ ಮಾಡುವುದನ್ನು ನಾವು ಕಂಡಿದ್ದೇವೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ನಿಜ. ಆದರೆ ಹಾಸಿಗೆ ಎಷ್ಟಿದೆಯೆಂದು ಮೊದಲು ಅಳೆದುಕೊಳ್ಳಬೇಕಲ್ಲ.

ಬೋಧನೆ ಮಾಡುವ ನಾವೇನೂ ಇದಕ್ಕೆ ಹೊರತಲ್ಲ. 1991ರಲ್ಲಿ ಬೆಂಗಳೂರಿನ ಜ್ಞಾನಭಾರತಿಯಲ್ಲಿ ಓದುತ್ತಿದ್ದಾಗ ಹಾಸ್ಟೆಲು ಖರ್ಚಿಗೆಂದು ಒಂದು ಖಾತೆ ತೆರೆದಿದ್ದೆವು. ಪದವಿ ಮುಗಿಸಿ ತೋಟಕ್ಕೆ ಬಂದ ಮೇಲೆ ಅದನ್ನು ಮರೆತೇಬಿಟ್ಟೆವು. ಈಚೆಗೆ ಮಗಳನ್ನು ಅಲ್ಲಿಗೆ ಸೇರಿಸಲು ಹೋದವರು, 2021ರಲ್ಲಿ ತೆರೆದ ಜ್ಞಾನಭಾರತಿ ಮೆಟ್ರೋ ನಿಲ್ದಾಣದಲ್ಲಿ ಇಳಿದು ಹಳೆಯ ಶಾಖೆಯನ್ನು ಹುಡುಕಿದೆವು. ಬ್ಯಾಂಕು ಇನ್ನೊಂದರಲ್ಲಿ ವಿಲೀನವಾಗಿ ಬೋರ್ಡೇ ಬದಲಾಗಿತ್ತು. ಎರಡು ವರ್ಷ ವ್ಯವಹಾರವಿಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ, ಹತ್ತು ವರ್ಷ ಯಾರೂ ಕೇಳದ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ, ಅರ್ಜಿ ಹಾಕಿದರೆ ಆಮೇಲೂ ಬರುತ್ತದೆ ಎಂದು ಅಲ್ಲಿನ ಹುಡುಗಿ ವಿವರಿಸಿದಳು. ಆ ಕಾಗದಪತ್ರ ನಮ್ಮೂರಿನ ಶಾಖೆಯಲ್ಲೇ ಕೊಡಬಹುದಿತ್ತು ಎಂದೂ ನಗುತ್ತಾ ಹೇಳಿದಳು. ಖಾತೆಯಲ್ಲಿದ್ದದ್ದು ಮುನ್ನೂರು ಚಿಲ್ಲರೆ. ನಷ್ಟ ದೊಡ್ಡದಲ್ಲ, ನಾಚಿಕೆ ದೊಡ್ಡದು. ಓದಲು ಹೋದ ಮಕ್ಕಳ ಹೆಸರಿನಲ್ಲಿ ತೆರೆದ ಖಾತೆಗಳನ್ನು ಸದಸ್ಯರು ಒಮ್ಮೆ ಪಟ್ಟಿ ಮಾಡಿ, ಬೇಡವಾದುದನ್ನು ಮುಚ್ಚಿಸುವುದು ಲೇಸು.

ಹಾಗಾದರೆ ತಪ್ಪೆಲ್ಲ ಗ್ರಾಹಕನದೇ? ಹಾಗೆಂದು ನಾವು ಹೇಳುವುದಿಲ್ಲ. ದಕ್ಷಿಣ ಕನ್ನಡದ ನೆಲದಲ್ಲಿ ಹುಟ್ಟಿದ ಬ್ಯಾಂಕುಗಳು ಸಣ್ಣವರ ಕಾಸಿನಿಂದ ಬೆಳೆದವು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಂಸ್ಥೆ, ಮುಂದೆ ಸಿಂಡಿಕೇಟ್ ಬ್ಯಾಂಕಾದದ್ದು, 1928ರಲ್ಲೇ ಪಿಗ್ಮಿ ಠೇವಣಿ ಆರಂಭಿಸಿ ಏಜೆಂಟರನ್ನು ಮನೆಬಾಗಿಲಿಗೆ ಕಳಿಸಿತು. ಆ ಏಜೆಂಟ ಹಣ ಪಡೆಯುತ್ತಿದ್ದಂತೆಯೇ ಲೆಕ್ಕವನ್ನೂ ಹೇಳುತ್ತಿದ್ದ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ ಬ್ಯಾಂಕು 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ವಿಲೀನವಾದವು. ಇಂದು ಲೆಕ್ಕ ಹೇಳುವುದು ಮೊಬೈಲಿಗೆ ಬರುವ ಇಂಗ್ಲಿಷ್ ಸಂದೇಶ. ನಮ್ಮ ಕಣಿವೆಗಳಲ್ಲಿ ಸಿಗ್ನಲ್ ಇದ್ದರೆ ಅದೂ ಸಿಕ್ಕೀತು. ಗ್ರಾಹಕನ ಜವಾಬ್ದಾರಿ ಎನ್ನುವ ಮೊದಲು ಅವನಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸುವುದು ಬ್ಯಾಂಕಿನ ಜವಾಬ್ದಾರಿ.

ನಿಯಮಗಳು ನಮ್ಮ ಪರವಾಗಿಯೂ ಇವೆ. ಕನಿಷ್ಠ ಶಿಲ್ಕು ಇಲ್ಲವೆಂಬ ದಂಡದಿಂದಲೇ ಉಳಿತಾಯ ಖಾತೆ ಶೂನ್ಯಕ್ಕಿಂತ ಕೆಳಗೆ ಹೋಗಕೂಡದೆಂಬ ಕಟ್ಟಳೆ 2015ರ ಏಪ್ರಿಲ್‌ನಿಂದ ಇದೆ. ಸ್ಟೇಟ್ ಬ್ಯಾಂಕು 2020ರಲ್ಲಿ, ಕೆನರಾ ಬ್ಯಾಂಕು 2025ರ ಜೂನ್‌ನಲ್ಲಿ ಉಳಿತಾಯ ಖಾತೆಗಳಿಗೆ ಈ ದಂಡವನ್ನೇ ಕೈಬಿಟ್ಟವು. ಸಾಲದ ಕಂತು ತಪ್ಪಿದರೆ ಹಾಕುವ ದಂಡವನ್ನು ಬಡ್ಡಿದರಕ್ಕೆ ಸೇರಿಸಬಾರದು, ಅದರ ಮೇಲೆ ಮತ್ತೆ ಬಡ್ಡಿ ಹಾಕಬಾರದು ಎಂದು ರಿಸರ್ವ್ ಬ್ಯಾಂಕು 2023ರ ಆಗಸ್ಟಿನಲ್ಲಿ ಆದೇಶಿಸಿತು. ತಪ್ಪು ಖರ್ಚು ಕಂಡರೆ ಶಾಖೆಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಿರಿ. ಅದಕ್ಕೆ ಶುಲ್ಕವೂ ಇಲ್ಲ, ವಕೀಲರೂ ಬೇಡ. ಆದರೆ ಪಾಸ್‌ಬುಕ್ಕು ಮುದ್ರಿಸದವನಿಗೆ ತಪ್ಪು ಕಾಣುವುದು ಹೇಗೆ?

ಕೊನೆಯ ಸಂಗತಿಯೊಂದನ್ನು ಹೇಳಲೇಬೇಕು. ನಮ್ಮ ಭಾಗದ ತೋಟಗಳಲ್ಲಿ ಕೆಲಸ ಮಾಡುತ್ತಿದ್ದ ಕೊನೆಗಾರನೊಬ್ಬ ಹಿಂದೊಂದು ಕೊಯ್ಲಿನಲ್ಲಿ ಮರದಿಂದ ಬಿದ್ದು ತೀರಿಕೊಂಡ. ಆತನ ಹೆಂಡತಿ ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಸಂಘಕ್ಕೆ ಬಂದರು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಆತನ ಅರ್ಜಿ ತುಂಬಿಸಿದವರು ನಾವೇ. ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ. ಮುದ್ರಿಸಿ ನೋಡಿದರೆ ಆ ವರ್ಷದ ಮೇ ಕೊನೆಗೆ ಖಾತೆಯಲ್ಲಿ ಇದ್ದದ್ದು 14 ರೂಪಾಯಿ. ಕಂತು ಹೋಗಿರಲಿಲ್ಲ, ವಿಮೆ ನಿಂತಿತ್ತು. ಆರು ರೂಪಾಯಿ ಸಾಲದೆ ಹೋಯಿತು. ಆ ವರ್ಷವಿಡೀ ನಾವೆಲ್ಲ ಅವನ ಕೂಲಿಯನ್ನು ಕೈಗೇ ಕೊಟ್ಟಿದ್ದೆವು. ಖಾತೆಯಲ್ಲೂ ಸ್ವಲ್ಪ ಇರಲಿ ಎಂದು ಒಬ್ಬರೂ ಹೇಳಲಿಲ್ಲ. ಅರ್ಜಿ ತುಂಬಿಸಿದ ನಾವೂ ಮತ್ತೆ ವಿಚಾರಿಸಲಿಲ್ಲ. ಆ ತಾಯಿಗೆ ನಾವು ಏನು ಉತ್ತರ ಹೇಳಿದೆವೆಂದು ಇಲ್ಲಿ ಬರೆಯಲು ಮನಸ್ಸಾಗುವುದಿಲ್ಲ.

ಆದುದರಿಂದ ನಮ್ಮ ಸೂಚನೆ ಇಷ್ಟು. ಪ್ರತಿ ತಿಂಗಳ ಮೊದಲ ಸಂತೆಯ ದಿನ ಪಾಸ್‌ಬುಕ್ಕು ಮುದ್ರಿಸಿಕೊಳ್ಳಿ. ಚೆಕ್ಕು ಬರೆಯುವಾಗ ಒಂದು ಸಾವಿರವಾದರೂ ಹೆಚ್ಚಿಗೆ ಉಳಿಯುವಂತೆ ನೋಡಿಕೊಳ್ಳಿ. ಪ್ರತಿ ವರ್ಷ ಮೇ 20ರಂದು ಸಂಘದ ಕಚೇರಿಯಲ್ಲಿ ಪಾಸ್‌ಬುಕ್ಕು ತಪಾಸಣೆ ನಡೆಸಬೇಕೆಂದು ಆಡಳಿತ ಮಂಡಳಿಯ ಮುಂದೆ ನಾವು ಪ್ರಸ್ತಾಪವಿಡಲಿದ್ದೇವೆ. ಒಪ್ಪಿಗೆ ದೊರೆತರೆ ಅಂದು ಸದಸ್ಯರು ತಮ್ಮ ಪುಸ್ತಕದ ಜೊತೆಗೆ ತಮ್ಮ ತೋಟದ ಕೆಲಸದವರನ್ನೂ ಅವರ ಪುಸ್ತಕಗಳೊಡನೆ ಕರೆತರಬೇಕು. ಯಾರ ಖಾತೆಯಲ್ಲಾದರೂ ಇಪ್ಪತ್ತು ರೂಪಾಯಿ ಇಲ್ಲದಿದ್ದರೆ ಅಲ್ಲೇ ಕಟ್ಟಿಸಿ ಕಳಿಸೋಣ.

— ಕಾರ್ಯದರ್ಶಿ