ಗುಜರಿಯಿಂದ ಎದ್ದ ಲಿಬರೇಟರ್

ಎರಡನೇ ಮಹಾಯುದ್ಧ ಮುಗಿದಾಗ ಕಾನ್ಪುರದ ಚಕೇರಿಯಲ್ಲಿ ಬಿ-24 ಲಿಬರೇಟರ್ ಬಾಂಬರ್‌ಗಳು ಸಾಲಾಗಿ ಗುಜರಿ ಬಿದ್ದಿದ್ದವು. ಮತ್ತೆ ಹಾರದಿರಲೆಂದು ಬೇಕಂತಲೇ ಕೆಡಿಸಿಟ್ಟಿದ್ದರು. ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್‌ನವರು ಒಂದರ ಬಿಡಿಭಾಗ ಕಳಚಿ ಇನ್ನೊಂದಕ್ಕೆ ಜೋಡಿಸಿ, ಒಂದು ಸಲ ಹಾರುವಷ್ಟು ಗಟ್ಟಿ ಮಾಡಿ, ಬೆಂಗಳೂರಿಗೆ ಹಾರಿಸಿ ತಂದು ಪೂರ್ತಿ ಸರಿಪಡಿಸಿದರು. ಅವು 1968ರವರೆಗೂ ನಮ್ಮ ವಾಯುಪಡೆಯಲ್ಲಿ ದುಡಿದವು.

ಇದು ಬರೀ ರಿಪೇರಿ, ತಯಾರಿಕೆಯಲ್ಲ ಎಂದು ಮೂಗು ಮುರಿಯುವವರಿದ್ದಾರೆ. ರಿಪೇರಿಯೇ ಹೌದು. ಆದರೆ ಹೊಸ ಬಿಡಿಭಾಗ ಸಿಗದ ಕಡೆ ರಿಪೇರಿಗಿಂತ ಖಡಕ್ ಮೇಷ್ಟ್ರು ಬೇರೆ ಯಾರು? ಅದೇ ಕಾರ್ಖಾನೆಯಿಂದ 1951ರಲ್ಲಿ ವಿ.ಎಂ. ಘಾಟಗೆಯವರು ವಿನ್ಯಾಸಗೊಳಿಸಿದ ತರಬೇತಿ ವಿಮಾನ ಎಚ್‌ಟಿ-2 ಹಾರಿತು. ಬ್ರಿಟನ್ನಿನ ವಾಯುಪಡೆ ಮ್ಯೂಸಿಯಂನ ಲಿಬರೇಟರ್ ಕೂಡ ಹೀಗೆ ಸರಿಪಡಿಸಿದವುಗಳಲ್ಲೊಂದು, 1974ರಲ್ಲಿ ಭಾರತ ಕೊಟ್ಟದ್ದು. ರಾಮನಗರ, ಮಾಗಡಿಯಿಂದ ಶಾಲಾ ಪ್ರವಾಸಕ್ಕೆ ಎಚ್‌ಎಎಲ್ ಮ್ಯೂಸಿಯಂಗೆ ಬರುವ ಮಕ್ಕಳಿಗೆ ತೇಜಸ್ ಯುದ್ಧವಿಮಾನದ ಜೊತೆ ಈ ಸ್ಪ್ಯಾನರ್ ಹಿಡಿದವರ ಕಥೆಯನ್ನೂ ಹೇಳಬೇಕು.