ಶಸ್ತ್ರದ ಜಾಡು ಹಿಡಿಯುವ ಬೆಳಕು

ಎಲುಬಿನ ಒಳಗಾಗಲಿ ಮೆದುಳಿನ ಆಳವಾಗಲಿ ಶಸ್ತ್ರವೈದ್ಯನ ಬರಿಗಣ್ಣಿಗೆ ಗೋಚರವಾಗದು. ಈ ಕೊರತೆಯನ್ನು ನೀಗಲು ಆಧುನಿಕ ವಿಜ್ಞಾನವು ಬೆಳಕಿನ ನೆರವನ್ನು ಪಡೆದಿದೆ. ಮೇಜಿನಿಂದ ತುಸು ದೂರದಲ್ಲಿ ನಿಲ್ಲಿಸಿದ ಜೋಡಿ ಕ್ಯಾಮೆರಾಗಳು ಶಸ್ತ್ರದ ಮೇಲೂ ರೋಗಿಯ ಎಲುಬಿಗೆ ಬಿಗಿದ ಚೌಕಟ್ಟಿನ ಮೇಲೂ ಇರುವ ಗುರುತುಗಳನ್ನು ಅವಕೆಂಪು ಕಿರಣಗಳಲ್ಲಿ ಕಾಣುತ್ತವೆ. ಗಣಕಯಂತ್ರವು ತ್ರಿಕೋನ ಗಣಿತದಿಂದ ಶಸ್ತ್ರದ ತುದಿಯ ನೆಲೆಯನ್ನು ಎಣಿಸಿ ಪರದೆಯ ಮೇಲೆ ತೋರುತ್ತದೆ. 1997ರ ಜನವರಿಯಲ್ಲಿ ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ ಇಂಥ ನೆರವಿನಿಂದ ಮೊಣಕಾಲಿನ ಕೀಲು ಬದಲಾವಣೆ ನಡೆದುದು ಈ ವಿದ್ಯೆಯ ಇತಿಹಾಸದಲ್ಲಿ ಸ್ಮರಣೀಯ.

ಗುರುತುಗಳಲ್ಲಿ ಮುಖ್ಯವಾಗಿ ಎರಡು ಬಗೆ. ತಾವೇ ಕಿರಣ ಸೂಸುವ ಪುಟ್ಟ ಡಯೋಡುಗಳು ಮೊದಲನೆಯವು. ಕ್ಯಾಮೆರಾದ ಬಳಿಯಿಂದ ಬಂದ ಕಿರಣವನ್ನು ಬಂದ ದಿಕ್ಕಿಗೇ ಹಿಂದಿರುಗಿಸುವ ಗೋಲಿಗಳು ಎರಡನೆಯವು. ಡಯೋಡಿನ ಸಾಧನಕ್ಕೆ ತಂತಿಯೋ ಬ್ಯಾಟರಿಯೋ ಬೇಕು, ತೂಕ ಹೆಚ್ಚು, ಆದರೆ ಶುದ್ಧೀಕರಿಸಿ ಮತ್ತೆ ಮತ್ತೆ ಬಳಸಬಹುದು. ಗೋಲಿಗಳು ಹಗುರ, ತಂತಿಯ ತೊಡಕಿಲ್ಲ, ಆದರೆ ಬಹುಪಾಲು ಒಂದೇ ಶಸ್ತ್ರಕ್ರಿಯೆಗೆಂದು ತಯಾರಾದವು.

ಕೊಳ್ಳುವವರು ಸಾಮಾನ್ಯವಾಗಿ ವಿವರಪತ್ರದಲ್ಲಿ ಅಚ್ಚಾದ ನಿಖರತೆಯ ಅಂಕಿಯನ್ನೇ ನೋಡುತ್ತಾರೆ. ಅದು ಪ್ರಯೋಗಾಲಯದಲ್ಲಿ ಶುಭ್ರವಾದ ಗುರುತುಗಳಿಂದ ದೊರೆತ ಅಂಕಿ. ಗುರುತುಗಳ ಎಣಿಕೆ ಅರ್ಧ ಡಿಗ್ರಿ ಓರೆಯಾದರೂ 20 ಸೆಂ.ಮೀ. ದೂರದ ತುದಿಯಲ್ಲಿ ಸುಮಾರು 1.7 ಮಿ.ಮೀ. ವ್ಯತ್ಯಾಸ ಬರುತ್ತದೆ. ಬೆನ್ನುಹುರಿಯ ಪಕ್ಕದಲ್ಲಿ ಸ್ಕ್ರೂ ಕೂರಿಸುವಾಗ ಇದು ಅಲ್ಪವೇ?

ಆದುದರಿಂದ ಕೇಳಬೇಕಾದ ಪ್ರಶ್ನೆ ಬೇರೆ: ಸಾಧನ ಕೆಟ್ಟಾಗ ಅದು ಹೇಗೆ ಕೆಡುತ್ತದೆ? ಡಯೋಡು ಆರಿದರೆ ಗುರುತು ಕಾಣೆಯಾಗುತ್ತದೆ. ಕನಿಷ್ಠ ಮೂರು ಗುರುತುಗಳು ಕಾಣದಿದ್ದರೆ ಯಂತ್ರವು ನೆಲೆ ತೋರುವುದನ್ನೇ ನಿಲ್ಲಿಸುತ್ತದೆ. ಗೋಲಿಯ ಒಂದು ಬದಿಗೆ ರಕ್ತ ಮೆತ್ತಿದರೆ, ಅಥವಾ ತೊಳೆದು ಮರುಬಳಸಿದುದರಿಂದ ಲೇಪ ಸವೆದರೆ, ಗುರುತು ಕಾಣುತ್ತಲೇ ಇರುತ್ತದೆ; ಅದರ ಕೇಂದ್ರ ಮಾತ್ರ ಸದ್ದಿಲ್ಲದೆ ಸರಿಯುತ್ತದೆ. ಯಂತ್ರ ಕೆಲವೊಮ್ಮೆ ಎಚ್ಚರಿಸೀತು, ಎಲ್ಲ ವೇಳೆಯೂ ಅಲ್ಲ. ಬಾಯಿಬಿಟ್ಟು ಹೇಳುವ ದೋಷಕ್ಕಿಂತ ಮೌನವಾಗಿರುವ ದೋಷವೇ ಹೆಚ್ಚು ಅಪಾಯಕರ.

ಪ್ರತಿ ರೋಗಿಗೂ ಹೊಸ ಗೋಲಿಗಳನ್ನು ಒದಗಿಸಬಲ್ಲ ಆಸ್ಪತ್ರೆಗೆ ಪ್ರತಿಫಲನದ ಸಾಧನವೇ ಅನುಕೂಲ. ಉಳಿತಾಯಕ್ಕಾಗಿ ಅವನ್ನೇ ಮರಳಿ ಬಳಸುವ ಒತ್ತಡವಿರುವಲ್ಲಿ, ಮೊದಲ ಬೆಲೆ ಹೆಚ್ಚಾದರೂ ಡಯೋಡಿನ ಸಾಧನವೇ ಲೇಸು. ಬಗೆ ಯಾವುದಾದರೂ ಕ್ಯಾಮೆರಾಕ್ಕೂ ಗುರುತಿಗೂ ನಡುವೆ ಯಾರೂ ಅಡ್ಡ ನಿಲ್ಲಬಾರದು. ಎಲುಬಿನ ಪರಿಚಿತ ತಾಣವೊಂದನ್ನು ತುದಿಯಿಂದ ಮುಟ್ಟಿ, ಪರದೆಯೊಡನೆ ಹೋಲಿಸಿದ ಬಳಿಕವೇ ಮುಂದುವರಿಯಬೇಕು.

ಆಸ್ಪತ್ರೆಗೆ ಯಂತ್ರವನ್ನು ದಾನವಾಗಿತ್ತವರ ಹೆಸರು ಗೋಡೆಯ ಫಲಕದಲ್ಲಿ ಉಳಿಯುತ್ತದೆ. ವರ್ಷ ವರ್ಷವೂ ಬೇಕಾಗುವ ಗೋಲಿಗಳನ್ನು ನೆನೆಯುವವರು ವಿರಳ. ಯಂತ್ರದೊಡನೆ ಅದರ ನಿತ್ಯದ ವೆಚ್ಚವನ್ನೂ ವಹಿಸಿಕೊಂಡಾಗಲೇ ಆ ದಾನ ರೋಗಿಯನ್ನು ಮುಟ್ಟುತ್ತದೆ.